ಗೇಮ್ ಮೊದಲೋ, ಸರಣಿ ಮೊದಲೋ?

ಮಾನ್ಯರೇ, ಮಂಡ್ಯದಿಂದ ನೀವು ಕೇಳಿರುವುದು ‘ಫಾಲ್‌ಔಟ್’ ಮತ್ತು ‘ದಿ ಲಾಸ್ಟ್ ಆಫ್ ಅಸ್’ ಟಿವಿ ಸರಣಿಗಳನ್ನು ನೋಡುವ ಮೊದಲು ಅವುಗಳಿಗೆ ಮೂಲವಾದ ವಿಡಿಯೊ ಗೇಮ್‌ಗಳನ್ನು ಆಡಿರಲೇಬೇಕೇ ಎಂದು. ಎರಡಕ್ಕೂ ಒಂದೇ ಉತ್ತರ ಹೊಂದುವುದಿಲ್ಲ.

‘ಫಾಲ್‌ಔಟ್’ ಅನ್ನು ಧಾರಾಳವಾಗಿ ನೇರವಾಗಿಯೇ ನೋಡಬಹುದು. 1997ರಲ್ಲಿ ಆರಂಭವಾದ ಆ ಗೇಮ್‌ಗಳ ಲೋಕವನ್ನಷ್ಟೇ ಉಳಿಸಿಕೊಂಡು, 2024ರ ಏಪ್ರಿಲ್‌ನಲ್ಲಿ ಬಂದ ಸರಣಿಯು ಹೊಸ ಪಾತ್ರಗಳ ಹೊಸ ಕಥೆಯನ್ನು ಹೇಳುತ್ತದೆ.

‘ದಿ ಲಾಸ್ಟ್ ಆಫ್ ಅಸ್’ ವಿಷಯ ಬೇರೆ; ಅದರ ಗೇಮ್ ಅನ್ನೇ ಮೊದಲು ಆಡಿ. 2013ರ ಗೇಮ್‌ನ ನಿರ್ದೇಶಕರಲ್ಲೊಬ್ಬರಾದ ನೀಲ್ ಡ್ರಕ್‌ಮನ್ ಅವರೇ ಕ್ರೇಗ್ ಮೇಝಿನ್ ಅವರೊಂದಿಗೆ ಸೇರಿ ರೂಪಿಸಿದ ಈ ಸರಣಿಯ ಮೊದಲ ಭಾಗವು ಮೂಲ ಕಥೆಯನ್ನು ಬಹುಮಟ್ಟಿಗೆ ಹಾಗೆಯೇ ಅನುಸರಿಸುವುದರಿಂದ, ಅದನ್ನು ನೋಡಿದ ಮೇಲೆ ಗೇಮ್‌ನ ಕೊನೆಯ ಆಘಾತ ನಿಮಗೆ ಸಿಗುವುದಿಲ್ಲ. ಕಥಾನಾಯಕ ಜೋಯಲ್‌ನ ನಿರ್ಧಾರವನ್ನು ನೋಡುವುದಕ್ಕೂ, ಅದನ್ನು ನಿಮ್ಮ ಕೈಯಿಂದಲೇ ಮಾಡಬೇಕಾಗಿ ಬರುವುದಕ್ಕೂ ಬಹಳ ಅಂತರವಿದೆ. ಇಲ್ಲಿ ಮೈಸೂರಿನ ನನ್ನ ಗೆಳೆಯರು ಇದನ್ನು ಒಪ್ಪುವುದಿಲ್ಲವಾದರೂ ನನ್ನ ಅಭಿಪ್ರಾಯ ದೃಢವಾಗಿದೆ. ಆದರೆ ಗೇಮ್ ಆಡಿದವರಿಗೂ ಮೂರನೆಯ ಕಂತು ಹೊಸದೇ ಆಗಿರುತ್ತದೆ: ಗೇಮ್‌ನಲ್ಲಿ ನಾವು ತಲುಪುವ ಹೊತ್ತಿಗೆ ಸತ್ತುಹೋಗಿರುವ ಫ್ರ್ಯಾಂಕ್‌ಗೆ ಸರಣಿಯು ಅವನ ಸಂಗಾತಿ ಬಿಲ್‌ನೊಂದಿಗೆ ಒಂದು ತುಂಬು ಬದುಕನ್ನೇ ಕೊಟ್ಟಿದೆ. ರೂಪಾಂತರವೆಂದರೆ ಹೀಗಿರಬೇಕು ಎಂದು ನಾನು ಮನಸಾರೆ ನಂಬಿದ್ದೇನೆ.

ನಿಮ್ಮ ಲ್ಯಾಪ್‌ಟಾಪ್ ಹಳೆಯದೆಂದು ಬರೆದಿದ್ದೀರಿ. ‘ದಿ ಲಾಸ್ಟ್ ಆಫ್ ಅಸ್’ನ ಕಂಪ್ಯೂಟರ್ ಆವೃತ್ತಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು; ಪ್ಲೇಸ್ಟೇಷನ್ ಇರುವ ಸ್ನೇಹಿತರಿದ್ದರೆ ಅವರಲ್ಲಿ ಆಡಿ. 2010ರ ‘ಫಾಲ್‌ಔಟ್: ನ್ಯೂ ವೇಗಸ್’ಗೆ ಅಷ್ಟೊಂದು ಶಕ್ತಿ ಬೇಡ. ‘ಫಾಲ್‌ಔಟ್’ ಸರಣಿಯ ಎರಡನೆಯ ಭಾಗದ ಕಥೆ ಅದೇ ನ್ಯೂ ವೇಗಸ್ ನಗರದತ್ತ ಸಾಗುವುದರಿಂದ, ಮೊದಲ ಭಾಗ ಮುಗಿಸಿ ಆ ಗೇಮ್ ಅನ್ನು ಆಡಿ ನೋಡಿ.