ರಸ್ತೆಯ ಎರಡೂ ಬದಿಯಲ್ಲಿ ನಿದ್ದೆಯಿಲ್ಲ

"ನಿದ್ದೆ ಮಾತ್ರೆ ಬರೆದುಕೊಡಿ ಮೇಡಂ. ಇಲ್ಲದಿದ್ದರೆ ಎದುರಿನ ಶೆಡ್ಡಿನವರನ್ನು ಅಲ್ಲಿಂದ ಎಬ್ಬಿಸಿ."

ಬೆಂಗಳೂರಿನ ಉತ್ತರ ಭಾಗದ ಬಡಾವಣೆಯೊಂದರಲ್ಲಿ ಕಿರಾಣಿ ಅಂಗಡಿ ನಡೆಸುವ, ಐವತ್ತು ದಾಟಿದ ಮಹಿಳೆ ನಮ್ಮ ಗುರುವಾರದ ಆಪ್ತಸಲಹೆಗೆ ಬಂದು ಕುಳಿತವರೇ ಹೀಗೆಂದರು. ಮಾತ್ರೆ ಬರೆಯುವ ಅಧಿಕಾರ ನನಗಿಲ್ಲ, ಯಾರನ್ನೋ ಎಬ್ಬಿಸುವ ಅಧಿಕಾರವಂತೂ ಮೊದಲೇ ಇಲ್ಲ. ನೀರು ಕೊಟ್ಟು, ಹೇಳಿ ಅಮ್ಮ ಎಂದೆ. (ಇಲ್ಲಿ ಬರುವ ಇಬ್ಬರ ಒಪ್ಪಿಗೆಯೂ ಇದೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅಂಗಡಿಯ ಎದುರಿನ ಖಾಲಿ ನಿವೇಶನದಲ್ಲಿ ತಗಡು, ಟಾರ್ಪಾಲಿನ ಶೆಡ್ಡುಗಳಿವೆ. ಮ್ಯಾನ್ಮಾರ್‌ನಿಂದ ಓಡಿಬಂದು, ಕಸ ವಿಂಗಡಿಸಿ ಬದುಕುವ ರೋಹಿಂಗ್ಯಾ ಕುಟುಂಬಗಳ ವಾಸ ಅಲ್ಲಿ. ರಾತ್ರಿ ಎರಡರ ಸುಮಾರಿಗೆ ಅಲ್ಲಿಂದ ಒಬ್ಬ ಹೆಂಗಸು ಕಿರುಚುತ್ತಾಳೆ. ಆ ಕೂಗಿಗೆ ಎಚ್ಚರವಾದರೆ ಇವರ ಎದೆ ಡವಡವ, ಹಾಲಿನ ವ್ಯಾನು ಬರುವವರೆಗೂ ನಿದ್ದೆಯಿಲ್ಲ. ಆ ಹೊತ್ತಿನಲ್ಲಿ ಮೊಬೈಲ್ ತೆರೆದರೆ 'ಇವರು ಯಾರು ಗೊತ್ತೇ?' ಎಂಬ ಒಂದರ ಹಿಂದೊಂದು ವಿಡಿಯೊ. ಜೊತೆಗೆ ತಾಮ್ರಕ್ಕಾಗಿ ವೈರು ಸುಡುವ ಹೊಗೆ, ಮೊಮ್ಮಗನ ಉಬ್ಬಸ. ಬೀದಿಯವರು ತೆರವಿಗೆ ಅರ್ಜಿ ಸಿದ್ಧಪಡಿಸಿದ್ದಾರೆ. "ನಾನೂ ಸಹಿ ಹಾಕಿದ್ದೇನೆ," ಎಂದರು, ನಾನು ಬೈಯುತ್ತೇನೆಂದು ಕಾಯುವವರಂತೆ.

ಬೈಯಲಿಲ್ಲ. ಹೊಗೆ ನಿಜ, ಉಬ್ಬಸ ನಿಜ. 'ಪಾಪ, ಅವರು ಎಷ್ಟು ನೊಂದವರು ಗೊತ್ತೇ' ಎಂದು ಶುರುಮಾಡಿದರೆ, ಎದುರು ಕುಳಿತವರಿಗೆ ಕೇಳಿಸುವುದು 'ನಿಮ್ಮದೇನು ದೊಡ್ಡ ಕಷ್ಟ' ಎಂದೇ. ಮೊದಲು ನಮ್ಮ ಕ್ಲಿನಿಕ್‌ಗೆ ಹೋಗಿ ರಕ್ತದೊತ್ತಡ ತೋರಿಸಿಕೊಂಡು ಬರಲು ಹೇಳಿದೆ. ಹೆಚ್ಚೇ ಇತ್ತು, ಔಷಧಿ ಶುರುವಾಯಿತು. ಮೊಬೈಲನ್ನು ರಾತ್ರಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಬೀಗ ಹಾಕಿಟ್ಟು ಮನೆಗೆ ಹೋಗಿ ಎಂದೆ. ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡುವುದು ಬೇಡ, ಎದ್ದು ಕೂತು ಕೈಗೆ ಕೆಲಸ ಕೊಡಿ ಎಂದೆ. ಮಲ್ಲಿಗೆ ಕಟ್ಟುತ್ತೇನೆ ಎಂದರು. ಆದರೆ ಕೂಗು ನಿಲ್ಲದೆ ಇವರ ನಿದ್ದೆ ಪೂರ್ತಿ ಕೂಡುವಂತಿರಲಿಲ್ಲ.

ಎರಡು ವಾರದ ಬಳಿಕ ಆಶಾ ಕಾರ್ಯಕರ್ತೆ ರಾತ್ರಿ ಕಿರುಚುವ ಆ ಹೆಂಗಸನ್ನೇ ಕರೆತಂದರು. ಇಲ್ಲಿ ನಾನು ಎಡವಿದೆ. ಬಂಗಾಳಿ ಬಲ್ಲ ಸಹೋದ್ಯೋಗಿಯನ್ನು ಕರೆಸಿ, "ಇವರು ಬಂಗಾಳಿ, ನಿಮ್ಮ ಮಾತು ಅರ್ಥವಾಗುತ್ತದೆ" ಎಂದುಬಿಟ್ಟೆ. ಆಕೆ ಸೆರಗು ಎಳೆದುಕೊಂಡು ಬಾಗಿಲು ನೋಡತೊಡಗಿದರು. ಆ ದಿನ ಮತ್ತೆ ಬಾಯಿ ಬಿಡಲಿಲ್ಲ. ಮ್ಯಾನ್ಮಾರ್ ಸರ್ಕಾರ ರೋಹಿಂಗ್ಯಾ ಎಂಬ ಹೆಸರನ್ನೇ ಒಪ್ಪುವುದಿಲ್ಲ. 'ಬಂಗಾಳಿಗಳು', ಅಂದರೆ ಹೊರಗಿನವರು, ಎನ್ನುತ್ತದೆ. 1982ರ ಪೌರತ್ವ ಕಾನೂನು ಅವರನ್ನು ಹುಟ್ಟಿದ ನೆಲದಲ್ಲೇ ಪರಕೀಯರನ್ನಾಗಿಸಿತು. ಓಡಿಸಿದವರು ಬಳಸಿದ ಮಾತನ್ನೇ ನಾನು ಸ್ವಾಗತದ ಮಾತಾಗಿ ಬಳಸಿದ್ದೆ.

ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಯುತ್ತಿರುವ ಆಕೆಯ ಹತ್ತು ವರ್ಷದ ಮಗ, ತಾನೇ ಹೇಳುತ್ತೇನೆ ಎಂದು ಮುಂದೆ ಬಂದ. ಬೇಡವೆಂದೆ. ತಾಯಿಯ ಸಂಕಟ ಮಗುವಿನ ಬಾಯಿಂದ ಬರಬಾರದು. ಆಕೆಯೂ ಅವನೆದುರು ಅರ್ಧ ಮುಚ್ಚಿಡುತ್ತಾರೆ. ಮುಂದಿನ ವಾರ ಬೇರೆ ಬಡಾವಣೆಯಿಂದ ಹಿಂದಿ ಬಲ್ಲ ರೋಹಿಂಗ್ಯಾ ಹೆಂಗಸೊಬ್ಬರು ದುಭಾಷಿಯಾಗಿ ಬಂದರು. ಏನಾಗುತ್ತದೆ ಎಂದು ಕೇಳಿದಾಗ ಆಕೆ ಎದೆ ಮುಟ್ಟಿಕೊಂಡು 'ಓಶಾಂತಿ' ಎಂದರು. ದುಭಾಷಿ ಬಾಯಿ ತೆರೆಯುವ ಮೊದಲೇ ನನಗೆ ಅರ್ಥವಾಗಿತ್ತು. ಅದಕ್ಕೆ ನಾನು ಬೇರೆ ಹೆಸರು ಹಚ್ಚಲಿಲ್ಲ. ಕೊನೆಯವರೆಗೂ ಅಶಾಂತಿ ಎಂದೇ ಮಾತನಾಡಿದೆವು.

2017ರ ಆಗಸ್ಟ್‌ನಲ್ಲಿ ಮ್ಯಾನ್ಮಾರ್‌ನ ರಖೈನ್ ರಾಜ್ಯದಲ್ಲಿ ಸೇನಾ ಕಾರ್ಯಾಚರಣೆ ಶುರುವಾದ ಮೇಲೆ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಆಕೆಯೂ ಆ ಗುಂಪಿನಲ್ಲಿದ್ದವರು. ಕಂಡದ್ದನ್ನೆಲ್ಲ ಹೇಳಿ ಎಂದು ನಾನು ಕೆದಕಲಿಲ್ಲ. ಕೆದಕಿದರೆ ಗಾಯ ವಾಸಿಯಾಗುತ್ತದೆ ಎನ್ನುವುದು ಸಿನಿಮಾದವರ ನಂಬಿಕೆ. ಕೂಗಿಗೆ ಮೊದಲು ಏನು ಕಾಣುತ್ತದೆ ಎಂದಷ್ಟೇ ಕೇಳಿದೆ. ಬೆಳಕು ಎಂದರು. ಆಮೇಲೆ ಗಂಡಸರ ದನಿ.

ಅದು ಕನಸಲ್ಲ, ಗುಜರಿ ಲಾರಿ! ರಾತ್ರಿ ಎರಡಕ್ಕೆ ಬರುವ ಲಾರಿಯ ದೀಪ ನೀಲಿ ಟಾರ್ಪಾಲಿನೊಳಗೆ ಹಾಯ್ದು ಆಕೆಯ ಮುಖಕ್ಕೇ ಬೀಳುತ್ತಿತ್ತು, ಹಿಂದೆಯೇ ಲೋಡ್ ಇಳಿಸುವವರ ಕೂಗಾಟ. ಹಾಗಾಗಿ ಸಲಹೆಯೂ ಅಲ್ಲಿಂದಲೇ ಶುರುವಾಯಿತು. ಮಲಗುವ ಜಾಗ ಬದಲಿಸಿದೆವು. ಲಾರಿಯ ಕಡೆಗೆ ದಪ್ಪ ಫ್ಲೆಕ್ಸ್ ಕಟ್ಟಿಸಿದೆವು. ಯಾವುದೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್, ಮುಖಂಡರ ನಗುಮುಖಗಳು ಮೊದಲ ಬಾರಿಗೆ ಯಾರದೋ ಉಪಯೋಗಕ್ಕೆ ಬಂದವು. ತಿರುವಿನಲ್ಲೇ ದೀಪ ಆರಿಸಿ ಬರಲು ಚಾಲಕ ಒಪ್ಪಿದ. ಬೆಚ್ಚಿ ಎದ್ದಾಗ ಅಂಗಾಲನ್ನು ನೆಲಕ್ಕೊತ್ತಿ, ಮಗನ ಶಾಲಾಚೀಲ, ಕೊಡ, ಒಲೆ ಎಂದು ಕಂಡದ್ದನ್ನು ಹೆಸರಿಸುತ್ತ ಹೋಗುವುದನ್ನು ಅಭ್ಯಾಸ ಮಾಡಿದೆವು.

ಆಸ್ಪತ್ರೆಗೂ ಕರೆದೊಯ್ದೆ. ಚೀಟಿ ಕೊಡುವ ಕಿಟಕಿಯಲ್ಲಿ ಆಧಾರ್ ಇಲ್ಲದಿದ್ದರೆ ಆಗುವುದಿಲ್ಲ ಎಂದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಸರ್ಕಾರಿ ಚಿಕಿತ್ಸೆಯ ಹಕ್ಕನ್ನು 'ಪ್ರತಿಯೊಬ್ಬ ವ್ಯಕ್ತಿ'ಗೆ ಕೊಡುತ್ತದೆ, 'ನಾಗರಿಕ' ಎನ್ನುವುದಿಲ್ಲ. ಅದನ್ನು ಮುದ್ರಿಸಿಕೊಂಡೇ ಹೋಗಿದ್ದೆ. ಚೀಟಿ ಸಿಕ್ಕಿತು. ವೈದ್ಯರು ಕೊಟ್ಟ ಮಾತ್ರೆಯನ್ನು ಹಾಯೆನಿಸಿದ ಕೂಡಲೇ ನಿಲ್ಲಿಸಬೇಡಿ ಎಂದು ಮೂರು ಸಲ ಹೇಳಿದೆ.

ಒಂದು ವಿಷಯದಲ್ಲಿ ನನ್ನ ಬಳಿ ಸಲಹೆಯಿರಲಿಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡು ಕೈಯಲ್ಲಿದ್ದರೂ ಪೊಲೀಸರು ಹಿಡಿದರೆ ಎಂಬ ಆಕೆಯ ಭಯ ರೋಗವಲ್ಲ, ಲೆಕ್ಕಾಚಾರ. ಅದಕ್ಕೆ ಉಸಿರಾಟದ ಅಭ್ಯಾಸ ಹೇಳಿಕೊಡುವುದು ಅವಮಾನವೆನಿಸಿ, ಉಚಿತ ಕಾನೂನು ನೆರವಿನ ವಕೀಲರ ಬಳಿ ಕರೆದೊಯ್ದೆ.

ಈ ನಡುವೆ ಅಂಗಡಿಯಮ್ಮ, "ಅವಳಿಗೆ ಏನಾಗಿತ್ತು ಮೇಡಂ?" ಎಂದು ಕೇಳಿದ್ದರು. ನಾನು ಹೇಳುವಂತಿಲ್ಲ, ನಿಮ್ಮ ಅಂಗಡಿಗೇ ಬರುತ್ತಾರಲ್ಲ ಎಂದೆ. ಏನು ಮಾತಾಯಿತೋ ತಿಳಿಯದು. ತಾಯಿಯಿಂದ ಗೊತ್ತಾದದ್ದು ಇಷ್ಟು: ಒಂದು ರಾತ್ರಿ ಲಾರಿ ದೀಪ ಆರಿಸದೆ ಬಂದಾಗ, ಎದುರು ಮನೆಯ ಮಹಡಿಯಿಂದ ಯಾರೋ ಚಾಲಕನಿಗೆ ಕನ್ನಡದಲ್ಲಿ ಜೋರಾಗಿ ಬೈದರಂತೆ.

ಮೂರು ತಿಂಗಳಾಗಿದೆ. ವಾರಕ್ಕೆ ನಾಲ್ಕೈದು ಸಲ ಇದ್ದ ಕೂಗು ಈಗ ಎಲ್ಲೋ ಒಮ್ಮೆ. ಅರ್ಜಿಯನ್ನು ಯಾರೂ ಹಿಂತೆಗೆದುಕೊಂಡಿಲ್ಲ. ಕಳೆದ ಗುರುವಾರ ಅಂಗಡಿಯಮ್ಮ ಬಂದದ್ದು ನಿದ್ದೆಯ ವಿಷಯಕ್ಕಲ್ಲ; ವೈರಿನ ಹೊಗೆ ಹಾಗೆಯೇ ಇದೆ, ಸುಡಿಸುವ ಗುತ್ತಿಗೆದಾರನ ಮೇಲೆ ದೂರು ಬರೆದುಕೊಡಿ ಎಂದರು. ಬರೆದುಕೊಟ್ಟೆ. ಕೆಳಗೆ ಎರಡು ಸಹಿಗೆ ಜಾಗ ಬಿಡಿ ಎಂದರು.