ಸಣ್ಣ ಓವನ್, ದೊಡ್ಡ ಟರ್ಕಿ

ಪ್ರಶ್ನೆ: ವಿದೇಶದಲ್ಲಿರುವ ಮಗ ಈ ಕ್ರಿಸ್‌ಮಸ್‌ಗೆ ಬರುತ್ತಿದ್ದಾನೆ. ಅವನ ಆಸೆಯಂತೆ ಐದು ಕಿಲೋದ ಫ್ರೋಜನ್ ಟರ್ಕಿ ಕೋಳಿಗೆ ಹೇಳಿಟ್ಟಿದ್ದೇನೆ. ಮನೆಯಲ್ಲಿರುವುದು 40 ಲೀಟರಿನ ಒಟಿಜಿ (ಓವನ್-ಟೋಸ್ಟರ್-ಗ್ರಿಲ್). ಎದೆಯ ಮಾಂಸ ಒಣಗದಂತೆ ರೋಸ್ಟ್ ಮಾಡುವುದು ಹೇಗೆ? ನಮ್ಮ ಮಂಗಳೂರು ಕ್ರೈಸ್ತರ ಮೆಣಸಿನ ಮಸಾಲೆಯಾದ ಬಾಫತ್ ಪುಡಿ ಹಚ್ಚಬಹುದೇ?
– ಓದುಗರು, ಕುಲಶೇಖರ, ಮಂಗಳೂರು

ಉತ್ತರ: ಟರ್ಕಿಯನ್ನು ಇಡಿಯಾಗಿ ಬೇಯಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ಎದೆಯ ಮಾಂಸಕ್ಕೆ 74 ಡಿಗ್ರಿ ಸೆಲ್ಸಿಯಸ್ ಸಾಕು, ಅದಕ್ಕಿಂತ ಹೆಚ್ಚಾದಷ್ಟೂ ಒಣಗುತ್ತದೆ. ತೊಡೆ 80 ದಾಟಿದ ಮೇಲೆಯೇ ಮೆತ್ತಗಾಗುವುದು. ಎರಡನ್ನೂ ಒಟ್ಟಿಗೆ ಇಟ್ಟು ತೊಡೆಗಾಗಿ ಕಾಯುತ್ತಾ ಕುಳಿತರೆ ಎದೆ ತೆಂಗಿನ ನಾರಾಗುತ್ತದೆ. ಮೇಲಾಗಿ, ನಿಮ್ಮ ಒಟಿಜಿಯಲ್ಲಿ ಇಡೀ ಟರ್ಕಿಯ ಎದೆ ಮೇಲಿನ ಬಿಸಿ ಕಾಯಿಲ್‌ಗೆ ತೀರಾ ಹತ್ತಿರವಾಗಿ ಹೊರಗೆ ಕರಕಲು, ಒಳಗೆ ಹಸಿ ಎಂಬಂತಾಗುತ್ತದೆ. ಕಾಲು ಮತ್ತು ತೊಡೆಯನ್ನು ಒಂದೇ ತುಂಡಾಗಿ ಬಿಡಿಸಿ, ಎದೆಯನ್ನು ಮೂಳೆಸಮೇತ ಬೇರೆ ಇಡಿ. ಕತ್ತರಿಸಲು ಕೈ ಬಾರದಿದ್ದರೆ ನಿಮ್ಮ ಕೋಳಿ ಅಂಗಡಿಯವರನ್ನು ಕೇಳಿ.

22ರ ಬೆಳಿಗ್ಗೆಯೇ ಫ್ರೀಜರ್‌ನಿಂದ ತೆಗೆದು, ಅಗಲವಾದ ಪಾತ್ರೆಯಲ್ಲಿ ಫ್ರಿಜ್‌ನ ಕೆಳಗಿನ ಅಂತಸ್ತಿನಲ್ಲಿಡಿ. ಮಂಜು ಬಿಡಲು ಎರಡೂವರೆ ದಿನ ಬೇಕು. ನಮ್ಮ ಊರಿನ ಸೆಕೆಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಖಂಡಿತ ಇಡಬೇಡಿ, ಹೊರಭಾಗ ಕೆಡುವಷ್ಟರಲ್ಲಿ ಒಳಗಿನ್ನೂ ಮಂಜುಗಡ್ಡೆಯೇ ಇರುತ್ತದೆ. ಹೊಟ್ಟೆಯೊಳಗೆ ಕುತ್ತಿಗೆ, ಈಲಿಯ ಪೊಟ್ಟಣವಿದ್ದರೆ ಹೊರತೆಗೆಯಿರಿ. 24ರ ಸಂಜೆ ತುಂಡು ಮಾಡಿ, ಒರೆಸಿ, ಐದು ಚಹಾ ಚಮಚ ಪುಡಿ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನಲ್ಲಿಡಿ. ರಾತ್ರಿ ಪೂಜೆ ಮುಗಿಸಿ ಬರುವಷ್ಟರಲ್ಲಿ ಉಪ್ಪು ಒಳಗಿಳಿಯತೊಡಗಿರುತ್ತದೆ, ಬೆಳಿಗ್ಗೆಗೆ ಚರ್ಮವೂ ಒಣಗಿ ಗರಿಗರಿಯಾಗಲು ಸಿದ್ಧವಾಗಿರುತ್ತದೆ.

ಬಾಫತ್ ಪುಡಿಯನ್ನು ಧಾರಾಳವಾಗಿ ಬಳಸಿ, ಆದರೆ ಚರ್ಮದ ಮೇಲಲ್ಲ. ಬೇಯುವ ಹೊತ್ತಿನಲ್ಲಿ ಮೆಣಸು ಸುಟ್ಟು ಕಹಿಯಾಗುತ್ತದೆ. ಬೆಣ್ಣೆಯಲ್ಲಿ ಕಲಸಿ, ಬೆರಳಿನಿಂದ ಚರ್ಮ ಬಿಡಿಸಿ ಅದರಡಿಗೆ ಸವರಿ. ಚರ್ಮಕ್ಕೆ ಬರಿಯ ಬೆಣ್ಣೆ ಸಾಕು.

180 ಡಿಗ್ರಿಯಲ್ಲಿ ಕೆಳಗಿನ ಹಂತದಲ್ಲಿಡಿ. ಎರಡೂ ಒಟ್ಟಿಗೆ ಹಿಡಿಸದಿದ್ದರೆ ಕಾಲುಗಳನ್ನು ಮೊದಲು ಮಾಡಿ. ಎದೆ ಬೇಯುವಷ್ಟು ಹೊತ್ತು ಅವು ಮುಚ್ಚಿದ ಪಾತ್ರೆಯಲ್ಲಿ ಬಿಸಿಯಾಗಿಯೇ ಇರುತ್ತವೆ. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಹೊದಿಸಿ. ಎಷ್ಟು ನಿಮಿಷ ಎಂದು ನಾನು ಬರೆಯುವುದಿಲ್ಲ, ಒಟಿಜಿಯ ತಿರುಪನ್ನು ನಂಬುವಂತಿಲ್ಲ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದನ್ನು ಇವತ್ತೇ ತರಿಸಿಕೊಳ್ಳಿ. ಮುಕ್ಕಾಲು ಗಂಟೆಯ ನಂತರ ಮೂಳೆಗೆ ತಾಗದಂತೆ, ಮಾಂಸ ದಪ್ಪವಿರುವಲ್ಲಿ ಚುಚ್ಚಿ ನೋಡುತ್ತಿರಿ. ಎದೆ 74 ಮುಟ್ಟಿದೊಡನೆ ಹೊರತೆಗೆದು, 20 ನಿಮಿಷ ಬಿಟ್ಟು ಕೊಯ್ಯಿರಿ. ಬಿಸಿಯಲ್ಲೇ ಕೊಯ್ದರೆ ರಸವೆಲ್ಲ ಹಲಗೆಯ ಪಾಲಾಗುತ್ತದೆ.

ಬೆನ್ನಿನ ಮೂಳೆ, ಕುತ್ತಿಗೆಗಳನ್ನು ಈರುಳ್ಳಿ, ಕರಿಮೆಣಸಿನೊಂದಿಗೆ ಕುಕ್ಕರಿನಲ್ಲಿ ಬೇಯಿಸಿ ಸೋಸಿ. ಆ ರಸಕ್ಕೆ ಟ್ರೇಯಲ್ಲಿ ಇಳಿದದ್ದನ್ನೂ ಸೇರಿಸಿ ಕುದಿಸಿದರೆ ಸಾನ್ನಾ (ಹುದುಗಿಸಿದ ಅಕ್ಕಿ ಹಿಟ್ಟಿನ ಇಡ್ಲಿ) ಅದ್ದಿ ತಿನ್ನಲು ಬೇರೇನೂ ಬೇಡ. ಉಳಿದ ಮಾಂಸವನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರು ದಿನದೊಳಗೆ ಸುಕ್ಕ ಮಾಡಿ ಮುಗಿಸಿ.