ಅಜ್ಜನ ಪುಷ್ಪಕ್ ಮತ್ತೆ ಹಾರೀತೆ?

ಅಜ್ಜ ಯಾವುದೋ ಫ್ಲೈಯಿಂಗ್ ಕ್ಲಬ್ಬಿನ ಹರಾಜಿನಲ್ಲಿ ಕೊಂಡ ಪುಷ್ಪಕ್ ಎಂಬ ಪುಟ್ಟ ವಿಮಾನ ಪುಣೆ ಸಮೀಪದ ತೋಟದ ಶೆಡ್ಡಿನಲ್ಲಿದೆ, ಅದನ್ನು ದುರಸ್ತಿ ಮಾಡಿಸಿ ನಾನೇ ಹಾರಿಸಬೇಕು, ಮುಂದೆ ಮಕ್ಕಳ ಕಾಲಕ್ಕೂ ಉಳಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಶೆಡ್ಡಿನ ಬೀಗ ತೆಗೆಯುವ ಮುನ್ನ ಅಜ್ಜನ ಕಪಾಟು ತೆರೆಯಿರಿ. ಲಾಗ್‌ಬುಕ್‌ಗಳು ಸಿಕ್ಕಿದರೆ ಅರ್ಧ ವಿಮಾನ ಸಿಕ್ಕಂತೆ. ಚೌಕಟ್ಟಿಗೊಂದು, ಎಂಜಿನ್ನಿಗೊಂದು ಪುಸ್ತಕ ಇರುತ್ತದೆ. ಎಷ್ಟು ಗಂಟೆ ಹಾರಿದೆ, ಯಾವ ಭಾಗ ಯಾವಾಗ ಬದಲಾಯಿತು, ಯಾರು ಸಹಿ ಹಾಕಿದರು ಎಂಬುದೆಲ್ಲ ಅಲ್ಲಿರುತ್ತದೆ. ಅವು ಇಲ್ಲದಿದ್ದರೆ ಪ್ರತಿ ಭಾಗದ ಆಯಸ್ಸನ್ನೂ ಹೊಸದಾಗಿ ಸಾಬೀತು ಮಾಡುತ್ತ ಕೂರಬೇಕಾಗುತ್ತದೆ. ವಿಟಿ ನೋಂದಣಿ (ಭಾರತದ ವಿಮಾನಗಳಿಗೆ ವಿಟಿ ಅಕ್ಷರಗಳಿಂದ ಶುರುವಾಗುವ ಗುರುತು) ಇನ್ನೂ ಅಜ್ಜನ ಹೆಸರಿನಲ್ಲಿದೆಯೇ, ರದ್ದಾಗಿದೆಯೇ ಎಂಬುದನ್ನೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ಈಗಲೇ ವಿಚಾರಿಸಿ. ತೋಟದ ಪಾಲುಪಟ್ಟಿಯಾಗುವಾಗ ವಿಮಾನದ ವಾರಸುದಾರಿಕೆಯ ವಿಷಯ ಯಾರ ತಲೆಗೂ ಹೊಳೆದಿರುವುದಿಲ್ಲ.

ನಾನು ಮುಂಬೈಯಲ್ಲಿ ವಿಮಾನ ನಿರ್ವಹಣೆಯ ಪರವಾನಗಿ ಪಡೆದು ದುಡಿದು ನಿವೃತ್ತನಾದವನು. ಕುಂದಾಪುರದ ಕಡೆಯಿಂದ ಮುಂಬೈಗೆ ಬಂದ ನಮ್ಮ ಜನರೆಲ್ಲ ಹೋಟೆಲುಗಳನ್ನು ಸೇರಿದ ಕಾಲದಲ್ಲಿ ನನ್ನ ಅಪ್ಪ ಮಾತ್ರ ಜುಹು ವಿಮಾನ ನಿಲ್ದಾಣದ ಒಂದು ಹ್ಯಾಂಗರಿನಲ್ಲಿ ರೆಕ್ಕೆಗಳಿಗೆ ಬಟ್ಟೆ ಹೊಲಿಯುವ ಕೆಲಸ ಹಿಡಿದರು. ಹೌದು, ಬಟ್ಟೆ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಪುಷ್ಪಕ್ ಮಾದರಿ ಮೊದಲು ಹಾರಿದ್ದು 1958ರಲ್ಲಿ. ನಿಮ್ಮದು ಕೂಡ ಬಟ್ಟೆ ಹೊದ್ದ ವಿಮಾನವೇ. ಆ ಹೊದಿಕೆಯ ಅಡಿಯಲ್ಲಿ ಏನಿದೆ ಎಂಬುದರ ಮೇಲೆ ನಿಮ್ಮ ಪ್ರಶ್ನೆಯ ಉತ್ತರ ನಿಂತಿದೆ.

ಮೊದಲು ನೋಡಬೇಕಾದದ್ದು ಬಾಲದ ತುದಿ. ಇದು ಹಿಂಬದಿಯಲ್ಲಿ ಪುಟ್ಟ ಚಕ್ರವಿರುವ ವಿಮಾನ. ನಿಂತಾಗ ಬಾಲ ಕೆಳಕ್ಕಿರುತ್ತದೆ. ಒಳಗೆ ಸೇರಿದ ಮಳೆನೀರು, ತೇವ, ಇಲಿಯ ಮೂತ್ರ ಎಲ್ಲ ಹರಿದು ಅಲ್ಲೇ ನಿಲ್ಲುತ್ತವೆ. ಹೊರಗಿನ ಬಣ್ಣ ಅಚ್ಚುಕಟ್ಟಾಗಿ ಕಂಡರೂ ಚೌಕಟ್ಟಿನ ಉಕ್ಕಿನ ಕೊಳವೆ ಒಳಗಿನಿಂದ ತುಕ್ಕು ತಿಂದಿರಬಹುದು. ಕೆಳಭಾಗದ ಕೊಳವೆಗಳನ್ನು ಮೊನಚಾದ ದಬ್ಬಳದಿಂದ ಒತ್ತಿ ನೋಡುತ್ತಾರೆ. ಮೊನೆ ಒಳಕ್ಕೆ ಇಳಿದರೆ ಆ ತುಂಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ರೆಕ್ಕೆಯ ಒಳಗಿನ ಮರದ ಭಾಗಗಳಲ್ಲಿ, ವಿಶೇಷವಾಗಿ ಆಸರೆಯ ಕಂಬಿ ಬಂದು ಕೂರುವ ಜಾಗದಲ್ಲಿ, ಬಿರುಕಿದೆಯೇ, ಅಂಟು ಬಿಟ್ಟಿದೆಯೇ ಎಂದು ನೋಡಬೇಕು. ಹಳೆಯ ಮರದ ವಿಮಾನಗಳಲ್ಲಿ ಹಾಲಿನ ಕೇಸಿನ್‌ನಿಂದ ಮಾಡಿದ ಅಂಟು ಬಳಸುತ್ತಿದ್ದರು. ನಮ್ಮ ಕೊಂಕಣದ ಮಳೆಗಾಲ ಅದಕ್ಕೆ ಪರಮ ಶತ್ರು.

ಎಂಜಿನ್ ವಿಷಯದಲ್ಲಿ ಒಂದೇ ಎಚ್ಚರಿಕೆ: ದಯವಿಟ್ಟು ಯಾರೂ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಬೇಡಿ. ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊದ ಸಣ್ಣದೊಂದು ತಂತಿ ತುಂಡಾಗಿದ್ದರೆ ಸ್ವಿಚ್ ಬಂದ್ ಇದ್ದರೂ ಕಿಡಿ ಹಾರಬಹುದು. ಅಲ್ಲದೆ ಒಣಗಿ ತುಕ್ಕು ಹಿಡಿದ ಸಿಲಿಂಡರಿನೊಳಗೆ ಪಿಸ್ಟನ್ ಉಜ್ಜಿದರೆ ಉಳಿದದ್ದೂ ಕೆಡುತ್ತದೆ. ಬಿಚ್ಚಿ ನೋಡುವುದೇ ದಾರಿ. ಇದರಲ್ಲಿರುವ 90 ಅಶ್ವಶಕ್ತಿಯ ಕಾಂಟಿನೆಂಟಲ್ ಸಿ-90 ಎಂಜಿನ್, ಸೆಸ್ನಾ 150 ಎಂಬ ಪುಟ್ಟ ವಿಮಾನದ ಒ-200 ಎಂಜಿನ್ನಿನ ಮನೆತನದ್ದೇ ಆದ್ದರಿಂದ ಬಿಡಿಭಾಗಗಳು ವಿದೇಶದಲ್ಲಿ ಇನ್ನೂ ಸಿಗುತ್ತವೆ. ಚೌಕಟ್ಟಿನ ಭಾಗಗಳಿಗೆ ಆ ಭಾಗ್ಯವಿಲ್ಲ, ಮಾಡಿಸಿಕೊಳ್ಳಬೇಕು.

ಇನ್ನು ಬಟ್ಟೆ. ಅಪ್ಪನ ಕಾಲದಲ್ಲಿ ಹತ್ತಿ ಬಟ್ಟೆ, ಈಗ ಪಾಲಿಯೆಸ್ಟರ್. ಚೌಕಟ್ಟಿಗೆ ಅಂಟಿಸಿ, ನಿಗದಿತ ಉಷ್ಣತೆಯ ಇಸ್ತ್ರಿಪೆಟ್ಟಿಗೆ ಎಳೆದರೆ ಕುಗ್ಗಿ ಬಿಗಿಯಾಗುತ್ತದೆ. ಆಮೇಲೆ ರಿಬ್ ಹೊಲಿಗೆ, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ ರಿಬ್ಬುಗಳಿಗೆ ಬಟ್ಟೆಯನ್ನು ಹೊಲಿದು ಬಿಗಿಯುವುದು. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂರಬೇಕು. ಮೇಣ ತಿಕ್ಕಿದ ದಾರ ಪೋಣಿಸಿದ ಗೇಣುದ್ದದ ಸೂಜಿಯನ್ನು ಅಪ್ಪ ಈ ಕಡೆಯಿಂದ ತಳ್ಳುತ್ತಿದ್ದರು. ರಿಬ್ಬಿನ ಪಕ್ಕದಲ್ಲೇ ಮೊನೆ ಹೊರಬಂದಾಗ ನಾನು ಎಳೆದು, ರಿಬ್ಬಿನ ಇನ್ನೊಂದು ಮಗ್ಗುಲಿನಿಂದ ವಾಪಸು ಕಳುಹಿಸಬೇಕಿತ್ತು. ಗಂಟು ಹಾಕುವ ಅಧಿಕಾರ ಮಾತ್ರ ಅವರದು. ಗಂಟು ಜಾರಿದರೆ ಮೇಲೆ ಹಾರುವಾಗ ಬಟ್ಟೆ ಉಬ್ಬಿ ರೆಕ್ಕೆಯ ಆಕಾರವೇ ಹೋಗುತ್ತದೆ ಎಂದು ಪ್ರತಿ ಸಲವೂ ಹೇಳುತ್ತಿದ್ದರು, ನಾನು ಮೊದಲ ಸಲ ಕೇಳಿದವನಂತೆ ತಲೆಯಾಡಿಸುತ್ತಿದ್ದೆ. ಬಟ್ಟೆಗೆ ಹಚ್ಚುವ ಮೆರುಗೆಣ್ಣೆಯಾದ ಡೋಪ್ ಬಳಿದು ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಮದ್ದಳೆಯಂತೆ ನುಡಿಯಬೇಕು. ಬಿಸಿಲು ಬಟ್ಟೆಯನ್ನು ತಿನ್ನದಂತೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿಬಣ್ಣದ ಪದರ ಬೇಕೇ ಬೇಕು. ಬಣ್ಣದ ಅಂದಕ್ಕೆ ಮರುಳಾಗಿ ಅದನ್ನು ತೆಳುವಾಗಿಸುವವರಿಗೆ ನನ್ನ ಬಳಿ ಕ್ಷಮೆಯಿಲ್ಲ.

ಈ ಕೆಲಸಗಳನ್ನು ನೀವೂ ಮಕ್ಕಳೂ ಕೈಯಾರೆ ಮಾಡಬಹುದು, ಆದರೆ ಪರವಾನಗಿ ಪಡೆದ ಎಂಜಿನಿಯರ್ ಮುಂದೆ ನಿಂತು ನೋಡಿ ಸಹಿ ಹಾಕಬೇಕು. ಹಾರಿಸಲು ನಿಮಗೆ ಖಾಸಗಿ ಪೈಲಟ್ ಪರವಾನಗಿ ಬೇಕು. ಕನಿಷ್ಠ 40 ಗಂಟೆಗಳ ಹಾರಾಟ, ವೈದ್ಯಕೀಯ ತಪಾಸಣೆ, ರೇಡಿಯೊ ಪರೀಕ್ಷೆ. ಹಿಂಬದಿ ಚಕ್ರದ ವಿಮಾನ ಇಳಿಸುವುದನ್ನು ಬೇರೆಯಾಗಿಯೇ ಕಲಿಯಬೇಕು. ವಿಮಾನ ಇರಿಸುವ ಜಾಗವನ್ನೂ ಈಗಲೇ ಯೋಚಿಸಿ. 1932ರಲ್ಲಿ ಟಾಟಾ ಅಂಚೆ ವಿಮಾನ ಶುರುವಾದಾಗಲೂ ಮಳೆಗಾಲ ಬಂದರೆ ಜುಹು ಕೆಸರಿನಲ್ಲಿ ಮುಳುಗುತ್ತಿತ್ತು. ಟಾಟಾದವರು ಸಾಮಾನು ಸರಂಜಾಮು ಕಟ್ಟಿಕೊಂಡು ನಿಮ್ಮ ಪುಣೆಯ ಯರವಡಾಕ್ಕೆ ಹೋಗುತ್ತಿದ್ದರು.

ಇಷ್ಟೆಲ್ಲ ಆದ ಮೇಲೂ ನಿಮ್ಮ ಪುಷ್ಪಕ್ ಹಾರಲೇಬೇಕೆಂದು ಹಟ ಹಿಡಿಯಬೇಡಿ. ಜೆ.ಆರ್.ಡಿ. ಟಾಟಾ 1932ರಲ್ಲಿ ಆ ಮೊದಲ ಅಂಚೆ ಹೊತ್ತು ಕರಾಚಿಯಿಂದ ಜುಹುವಿಗೆ ಬಂದದ್ದು ಪಸ್ ಮಾತ್ ವಿಮಾನದಲ್ಲಿ. ಐವತ್ತು ವರ್ಷಗಳ ನಂತರ, 78ನೇ ವಯಸ್ಸಿನಲ್ಲಿ, ಅದೇ ದಾರಿಯಲ್ಲಿ ಬಂದದ್ದು ಲೆಪರ್ಡ್ ಮಾತ್‌ನಲ್ಲಿ. ಯಾರೂ ಅದನ್ನು ನಕಲಿ ಎನ್ನಲಿಲ್ಲ. ಕೊಳವೆಗಳು ಪೂರ್ತಿ ಕೊಳೆತಿದ್ದರೆ ನಿಮ್ಮದನ್ನು ಸೂರಿನಡಿ ಅಂದವಾಗಿ ನಿಲ್ಲಿಸಿ, ಹಾರಲು ಬೇರೆ ವಿಮಾನ ಹುಡುಕಿ. ನನ್ನ ಕಣ್ಣಿಗೆ ಮನೆತನದ ಆಸ್ತಿ ಎಂದರೆ ಆ ರಿಬ್ ಹೊಲಿಗೆ ಬಲ್ಲ ಕೈ. ನಿಮ್ಮ ಮನೆಯಲ್ಲಿ ಯಾರಾದರೂ ಒಬ್ಬರು ಅದನ್ನು ಕಲಿಯಲು ತಯಾರಿಲ್ಲದಿದ್ದರೆ, ಎಷ್ಟು ಹಣ ಸುರಿದು ಸರಿಮಾಡಿಸಿದರೂ ವಿಮಾನ ಮುಂದಿನ ತಲೆಮಾರಿನಲ್ಲಿ ಮತ್ತೆ ಶೆಡ್ಡು ಸೇರುತ್ತದೆ.

ಲಾಗ್‌ಬುಕ್ ಸಿಕ್ಕರೆ ಕೊನೆಯ ಪುಟಗಳ ಚಿತ್ರ ತೆಗೆದು ಇಲ್ಲೇ ಹಾಕಿ, ಜೊತೆಗೆ ಬಾಲದ ಕೆಳಭಾಗದ್ದೂ ಒಂದು. ಅವೆರಡನ್ನು ನೋಡಿದರೆ ಎಂಜಿನಿಯರನ್ನು ಕರೆಸುವುದು ಸಾರ್ಥಕವೋ ಅಲ್ಲವೋ ಹೇಳಬಲ್ಲೆ.